ಮೆಣಸಿನ ರಾಣಿ ಕೊಟ್ಟ ಬೆಲ್ಲ-ನೀರು

ನಾನು ಚಿಕ್ಕವನಿದ್ದಾಗ ಒಂದು ದಿನದ ಮಟ್ಟಿಗೆ ರಾಣಿಯಾಗಿದ್ದೆ. ನಗಬೇಡಿ ಮಕ್ಕಳೇ, ನಿಜವಾಗಿಯೂ ರಾಣಿಯೇ. ಅಕ್ಕನ ಹಸಿರು ಸೀರೆ, ಅಮ್ಮನ ಗಾಜಿನ ಬಳೆ, ಅಡಿಕೆ ಹಾಳೆ ಕತ್ತರಿಸಿ ಬಂಗಾರದ ಬಣ್ಣದ ಕಾಗದ ಅಂಟಿಸಿದ ಕಿರೀಟ. ಈಗ ನನ್ನ ಬೋಳು ತಲೆಯನ್ನು ನೋಡಿದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ.

ಆಗ ನಾವು ಶರಾವತಿ ಹೊಳೆ ಸಮುದ್ರ ಸೇರುವ ಅಳಿವೆಯ ದಡದಲ್ಲಿದ್ದೆವು. ಆಚೆ ದಡದಲ್ಲಿ ಹೊನ್ನಾವರ ಕಾಣುತ್ತಿತ್ತು. ನಡುವೆ ಸೇತುವೆ ಇರಲಿಲ್ಲ, ಹೊಳೆ ದಾಟಿಸುವ ತಾರಿ ದೋಣಿ ಇತ್ತು. ನಾನು ಏಳನೆಯ ತರಗತಿ. ನಮಗೆ ಇಂಗ್ಲಿಷ್ ಮತ್ತು ಇತಿಹಾಸ ಎರಡನ್ನೂ ಒಬ್ಬರೇ ಮಾಸ್ತರರು ಕಲಿಸುತ್ತಿದ್ದರು. ಬಹಳ ಒಳ್ಳೆಯವರು, ಆದರೆ ಸ್ವಲ್ಪ ಉಮೇದು ಹೆಚ್ಚು. ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ನೋಡಲು ಬರುತ್ತಾರೆಂಬ ಸುದ್ದಿ ಬಂದದ್ದೇ ತಡ, ಮಾಸ್ತರರು ಎರಡೂ ವಿಷಯ ಸೇರಿಸಿ ಒಂದು ನಾಟಕ ಬರೆದೇಬಿಟ್ಟರು. ಹಿಂದೆ ನಮ್ಮ ಸೀಮೆಯನ್ನು ಆಳಿ ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾದ ಮೆಣಸಿನ ರಾಣಿಯ ಅರಮನೆಗೆ ಪೋರ್ಚುಗೀಸ್ ಕಪ್ತಾನನೊಬ್ಬ ಬರುತ್ತಾನೆ, ಮೆಣಸೆಲ್ಲ ತನಗೇ ಬೇಕೆಂದು ಜೋರು ಮಾಡುತ್ತಾನೆ, ರಾಣಿ ಅವನನ್ನು ಗದರಿಸಿ ಅಟ್ಟುತ್ತಾಳೆ. ಇಷ್ಟೇ ಕಥೆ. ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ!

ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಸಾಹೇಬರ ಎದುರು ಇಂಗ್ಲಿಷ್ ಮಾತಾಡಬೇಕು ಎಂದು ಕೇಳಿದ ಮಾರನೆಯ ದಿನವೇ ಇಬ್ಬರಿಗೂ ಜ್ವರ ಬಂತು. ಮಾಸ್ತರರು ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಬಂದು ನನ್ನ ಎದುರು ನಿಂತರು. ನನ್ನ ದನಿ ಇನ್ನೂ ಒಡೆದಿರಲಿಲ್ಲ, ಅದೇ ತಪ್ಪಾಯಿತು.

ಒಪ್ಪದೆ ಇರಲು ನನಗೆ ಧೈರ್ಯ ಇರಲಿಲ್ಲ, ಒಪ್ಪಲು ಒಂದು ಕಾರಣವೂ ಇತ್ತು. ಏಳನೆಯದು ಮುಗಿದ ಮೇಲೆ ನಾನು ಅಪ್ಪನ ಜೊತೆ ಮೀನು ಹಿಡಿಯಲು ದೋಣಿ ಹತ್ತಬೇಕು ಎಂದು ಮನೆಯಲ್ಲಿ ಮಾತಾಗಿತ್ತು. ನನಗೋ ತಾರಿ ದಾಟಿ ಹೊನ್ನಾವರದ ಹೈಸ್ಕೂಲಿಗೆ ಹೋಗುವ ಆಸೆ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ಅಕ್ಕನ ಕೈಯಲ್ಲಿ ಹೇಳಿಸಿದೆ. ಅಪ್ಪ ಬಲೆಯ ತೂತು ಹೆಣೆಯುತ್ತ ಕುಳಿತಿದ್ದವರು ತಲೆ ಎತ್ತಲಿಲ್ಲ.

"ಕಲ್ತದ್ದು ಎಂತ ಅಂತ ನೋಡ್ವ. ಸಾಹೇಬ್ರ ಎದ್ರಿಗೆ ಇಂಗ್ಲೀಷ್ ಮಾತಾಡ್ಲಿ. ನಾನೇ ಬಂದು ಕೂತ್ಕಂಡು ನೋಡ್ತೆ. ಬಾಯಿ ಕಟ್ಟಿ ನಿಂತ್ನಾ, ಮರುದಿನವೇ ದೋಣಿಗೆ."

ಹೀಗೆ ನನ್ನ ಹೈಸ್ಕೂಲು ಆ ನಾಟಕಕ್ಕೆ ಗಂಟುಬಿತ್ತು.

ನನ್ನ ಮಾತುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕೊನೆಯದು. "ಗೋ! ಗೋ ಬ್ಯಾಕ್ ಟು ಯುವರ್ ಶಿಪ್!" ಹೋಗು, ನಿನ್ನ ಹಡಗಿಗೇ ವಾಪಸು ಹೋಗು ಎಂದು. ಬಲಗೈ ಚಾಚಿ ಕಣ್ಣು ಕೆಂಪು ಮಾಡಿ ಹೇಳಬೇಕಿತ್ತು. ಮನೆಯ ಜಗಲಿಯಲ್ಲಿ ನಿಂತು ಬಾಗಿಲ ಕಡೆ ಕೈ ಚಾಚಿ ಕೂಗಿದೆ. ಒಳಗೆ ಮೀನು ತೊಳೆಯುತ್ತಿದ್ದ ಅಜ್ಜಿ ಕೈಯೊರೆಸಿಕೊಳ್ಳುತ್ತ ಬಂದರು.

"ಎಂತದಾ ಅದು, ಗೋ ಗೋ ಅಂಬುದು?"

ಅರ್ಥ ಹೇಳಿದೆ. ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಹೊಸ್ಲಲ್ಲಿ ನಿಂತೋರಿಗೆ ಹೋಗು ಅಂಬುದಾ! ಯಾರ್ ಕಲ್ಸದ್ದಾ ನಿಂಗೆ? ಮಾಸ್ತರ್ರಾ? ಅವ್ರಿಗೆ ತಾಯಿಲ್ಯಾ?"

ನಮ್ಮ ಅಜ್ಜಿಗೆ ಅದು ಆಗಬಾರದ ಮಾತು. ಬೆಳಗಾದರೆ ಗಂಡಸರು ಸಮುದ್ರಕ್ಕೆ ಇಳಿಯುವ ಮನೆ ನಮ್ಮದು. ಹೊರಟವರು ಯಾರೂ "ಹೋಗ್ತೆ" ಎನ್ನುವಂತಿರಲಿಲ್ಲ, "ಬತ್ತೆ" ಎನ್ನಬೇಕು. ಒಳಗಿದ್ದವರು "ಹೋಗು" ಎನ್ನುವಂತಿರಲಿಲ್ಲ, "ಹೋಗ್ ಬಾ" ಎನ್ನಬೇಕು. ಮರೆತು ಬಾಯಿ ತಪ್ಪಿದರೆ ಹೊರಟವನನ್ನು ಕರೆದು ಕೂರಿಸಿ, ಬೆಲ್ಲ-ನೀರು ಕೊಟ್ಟು, ಹೊಸದಾಗಿ ಕಳಿಸಬೇಕು. ಪಕ್ಕದ ಮನೆಯವಳ ಜೊತೆ ಕೋಳಿ ವಿಷಯಕ್ಕೆ ಗಂಟಲು ಹರಿಯುವ ಹಾಗೆ ಜಗಳವಾಡಿದ ದಿನವೂ, ಅವಳು ಸಿಟ್ಟಿನಲ್ಲಿ ಎದ್ದು ನಡೆದಾಗ ಅಜ್ಜಿ ಹಿಂದಿನಿಂದ "ಹೋಗ್ ಬಾರೇ!" ಎಂದು ಬೈದೇ ಕಳಿಸಿದ್ದರು. ಅಂತೂ ಮನೆಯೊಳಗೆ ನನ್ನ ಅಭ್ಯಾಸ ನಿಂತಿತು. ಆಮೇಲೆ ದಂಡೆಗೆ ಹೋಗಿ ಏಡಿಗಳಿಗೆ ಗೋ ಗೋ ಎಂದು ಹೇಳುತ್ತಿದ್ದೆ. ಅವು ಒಳ್ಳೆಯವು, ತಕ್ಷಣ ಹೋಗುತ್ತಿದ್ದವು.

ಸಾಹೇಬರು ಬರುವ ದಿನ ಶಾಲೆಯ ಅಂಗಳಕ್ಕೆ ಸಗಣಿ ಸಾರಿಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ದೊಡ್ಡ ಕೋಣೆಯ ಒಂದು ತುದಿಯಲ್ಲಿ ಎರಡು ಬೆಂಚು ಜೋಡಿಸಿ ಸಿಂಹಾಸನ ಮಾಡಿದರು. ಅರಮನೆ ಎಂದು ತಿಳಿಯಲಿ ಎಂದು ಮಾಸ್ತರರು ಎದುರಿಗೆ ಒಂದು ಹಲಗೆ ಇಟ್ಟು ಹೊಸ್ತಿಲು ಮಾಡಿದರು. ನನಗೆ ಸೀರೆ ಉಡಿಸಲು ಬಂದಿದ್ದ ಅಕ್ಕ, ಹೊಸ್ತಿಲು ಬರಿದಾಗಿ ಇರಬಾರದೆಂದು ಅದಕ್ಕೆ ರಂಗೋಲಿ ಎಳೆದಳು. ನೋಡಿದರೆ ಥೇಟ್ ನಮ್ಮ ಮನೆಯ ಹೊಸ್ತಿಲೇ.

ಕಪ್ತಾನನಾದವನು ಅಂಗಡಿಯವರ ಮಗ, ನನ್ನ ಪಕ್ಕದಲ್ಲೇ ಕೂರುವವನು. ಮುಂಬಯಿಯಲ್ಲಿದ್ದ ಅವನ ಮಾವನ ಪ್ಯಾಂಟನ್ನು ಹಗ್ಗದಿಂದ ಬಿಗಿದಿದ್ದರು. ಗಡ್ಡ ತೆಂಗಿನ ನಾರಿನದು. ಅದರ ತುರಿಕೆಗೆ ಅವನು ನಾಟಕ ಶುರುವಾಗುವ ಮೊದಲೇ ಯಾರಿಗಾದರೂ ಶರಣಾಗಲು ತಯಾರಿದ್ದ.

ಸಾಹೇಬರು ಕುರ್ಚಿಯಲ್ಲಿ ಕುಳಿತರು. ಅವರ ಮೇಜಿನ ಮೇಲೆ ಹಿತ್ತಾಳೆ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ. ಊರಿನವರು ನೆಲದಲ್ಲಿ. ಅಪ್ಪ ಹೆಗಲ ಮೇಲಿನ ಪಂಜಿ ಬಟ್ಟೆ ಸಮೇತ ದಂಡೆಯಿಂದ ನೇರ ಬಂದು ಹಿಂದೆ ಗೋಡೆಗೆ ಒರಗಿ ನಿಂತರು. ಅವರು ಬರುವುದು ಗೊತ್ತಿತ್ತು. ಗೊತ್ತಿಲ್ಲದ್ದು ಅಜ್ಜಿಯೂ ಬರುತ್ತಾರೆ ಎಂಬುದು. ಅಜ್ಜಿ ಎಲ್ಲರನ್ನೂ ಸರಿಸಿ ಬಂದು ಎಲ್ಲರಿಗಿಂತ ಮುಂದೆ, ನನ್ನ ಸಿಂಹಾಸನದ ಎದುರೇ ಕಾಲು ಚಾಚಿ ಕುಳಿತರು.

ಮೊದಲಿನ ಮಾತುಗಳು ಚೆನ್ನಾಗಿಯೇ ಹೋದವು. ನಾನು ಯಾರು ನೀನು ಎಂದೆ, ಅವನು ಕಪ್ತಾನ ಎಂದ. ಏನು ಬೇಕು ಎಂದೆ, ಮೆಣಸು ಬೇಕು ಎಂದ. ಎಲ್ಲ ಇಂಗ್ಲಿಷಿನಲ್ಲೇ. ಸಾಹೇಬರು ತಲೆದೂಗಿದರು. ಅಷ್ಟರಲ್ಲಿ ಕಪ್ತಾನ ಹೊಸ್ತಿಲ ಮೇಲೆ ನಿಂತು "ಆಲ್ ಪೆಪ್ಪರ್ ಈಸ್ ಮೈನ್!" ಎಂದು ಬಾಯಿ ದೊಡ್ಡದು ಮಾಡಿದವನೇ ಕೆಮ್ಮತೊಡಗಿದ. ಗಡ್ಡದ ನಾರು ಗಂಟಲಿಗೆ ಹೋಗಿತ್ತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು, ಮುಖ ಕೆಂಪಾಯಿತು.

ನಾನೇನೂ ಯೋಚಿಸಲಿಲ್ಲ ಮಕ್ಕಳೇ. ಮನೆ ಬಾಗಿಲಲ್ಲಿ ಒಬ್ಬ ಕೆಮ್ಮುತ್ತ ನಿಂತರೆ ಏನು ಮಾಡಬೇಕೋ ಅದನ್ನು ಮಾಡಿದೆ. ಸೀರೆ ಎತ್ತಿ ಹಿಡಿದು ಸಿಂಹಾಸನದಿಂದ ಇಳಿದು, ಸಾಹೇಬರ ಚೊಂಬನ್ನೇ ಎತ್ತಿಕೊಂಡು ಹೋಗಿ ಅವನಿಗೆ ಕೊಟ್ಟೆ.

ಆಗ ಅಜ್ಜಿಯ ದನಿ ಇಡೀ ಕೋಣೆಗೆ ಕೇಳಿತು. "ಬರೀ ನೀರು ಕೊಡ್ತ್ಯನಾ? ಬೆಲ್ಲ ಕೊಡಾ!"

ಕೊಟ್ಟೆ. ಕಪ್ತಾನ ಗಡ್ಡ ಸರಿಸಿ ಬೆಲ್ಲ ಕಚ್ಚಿ, ನೀರು ಕುಡಿದು, ಚೊಂಬು ವಾಪಸು ಕೊಟ್ಟ. ಜನ ಬಿದ್ದು ಬಿದ್ದು ನಗುತ್ತಿದ್ದರು. ಪರದೆಯೆಂದು ಕಟ್ಟಿದ್ದ ಕಂಬಳಿಯ ಹಿಂದಿನಿಂದ ಮಾಸ್ತರರು "ಗೋ ಅನ್ನೋ! ಗೋ ಅನ್ನೋ!" ಎಂದು ಪಿಸುಗುಟ್ಟುತ್ತಿದ್ದರು.

ನಾನು ಬಲಗೈ ಚಾಚಿದೆ. ಕಣ್ಣು ಕೆಂಪು ಮಾಡಿದೆ. ಎದುರಿಗೆ ಹೊಸ್ತಿಲು, ಹೊಸ್ತಿಲಲ್ಲಿ ನಮ್ಮ ಬೆಲ್ಲ ತಿಂದು ನೀರು ಕುಡಿದ ಮನುಷ್ಯ, ಅವನ ಪಕ್ಕದಲ್ಲಿ ಅಜ್ಜಿ. ಅಜ್ಜಿ ನನ್ನನ್ನೇ ನೋಡುತ್ತಿದ್ದರು.

"ಗೋ!" ಎಂದೆ. ಅಜ್ಜಿಯ ಹುಬ್ಬು ಮೇಲೇರಿತು.

"ಗೋ... ಆ್ಯಂಡ್ ಕಮ್!"

ಹೋಗಿ ಬಾ! ಕಪ್ತಾನನೂ ಸಂಸ್ಕಾರವಂತ ಹುಡುಗ. ಎರಡೂ ಕೈ ಜೋಡಿಸಿ, ತಲೆ ತಗ್ಗಿಸಿ, "ಆತು, ಬತ್ತೆ" ಎಂದು ಹೇಳಿ ಹಡಗು ಹತ್ತಲು ಹೋದ. ಮಾಸ್ತರರು ತಿಂಗಳುಗಟ್ಟಲೆ ಕಲಿಸಿದ ಇತಿಹಾಸ ಅಲ್ಲಿಗೆ ಮುಗಿಯಿತು. ಮೆಣಸಿನ ರಾಣಿ ವೈರಿಗೆ ಬೆಲ್ಲ ತಿನ್ನಿಸಿ, ಇನ್ನೊಮ್ಮೆ ಬಾ ಎಂದು ಕರೆದಿದ್ದಳು.

ನಗು ಅಡಗಿದ ಮೇಲೆ ಸಾಹೇಬರು ನನ್ನನ್ನು ಹತ್ತಿರ ಕರೆದರು. ವೈರಿಗೆ ಮತ್ತೆ ಬಾ ಎಂದದ್ದು ಯಾಕೆ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಇದಕ್ಕೆ ನನ್ನ ಬಳಿ ಬಾಯಿಪಾಠದ ಉತ್ತರ ಇರಲಿಲ್ಲ. ಹಿಂದೆ ಗೋಡೆಗೊರಗಿದ್ದ ಅಪ್ಪ ನೆಟ್ಟಗೆ ನಿಂತದ್ದು ಕಾಣಿಸಿತು. ಬಾಯಿ ಕಟ್ಟಿದರೆ ದೋಣಿ. ಕೈಯ ಬಳೆಗಳು ಗಲಗಲ ಎನ್ನುವಷ್ಟು ನಡುಗುತ್ತಿದ್ದೆ. ಗೊತ್ತಿದ್ದ ಇಂಗ್ಲಿಷ್ ಶಬ್ದಗಳನ್ನೆಲ್ಲ ತಲೆಯೊಳಗೆ ತಡಕಾಡಿ, ಸಿಕ್ಕಿದ್ದನ್ನು ಒಂದರ ಪಕ್ಕ ಒಂದು ಇಟ್ಟೆ.

"ಸರ್, ಗ್ರ್ಯಾಂಡ್‌ಮದರ್ ಸಿಟ್ಟಿಂಗ್ ದೇರ್. ಐ ಸೇ ಗೋ, ಶಿ ಬೀಟ್ ಮಿ."

ಅಜ್ಜಿ ಅಲ್ಲಿ ಕೂತಿದ್ದಾರೆ, ಹೋಗು ಎಂದರೆ ನನಗೆ ಹೊಡೆಯುತ್ತಾರೆ ಎಂದು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಮಾಸ್ತರರ ಕಡೆ ತಿರುಗಿ, "ಇದೊಂದು ನೀವು ಕಲಿಸಿದ್ದಲ್ಲ ಅಲ್ಲವೇ?" ಎಂದರು. ಪಾಪ, ಬೆವರು ಒರೆಸಿಕೊಳ್ಳುತ್ತಿದ್ದ ಮಾಸ್ತರರಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ.

ಮನೆಗೆ ಹೋಗುವಾಗ ಅಪ್ಪ ಬಿರಬಿರನೆ ಮುಂದೆ ನಡೆದರು. ಸೀರೆಯ ನೆರಿಗೆ ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ. ನಾಳೆ ದೋಣಿಯೇ ಗತಿ ಎಂದು ಅಳು ಬರುತ್ತಿತ್ತು. ದಂಡೆಗೆ ಬಂದಾಗ ಅಪ್ಪ ನಿಂತರು.

"ನಡುಗ್ತಿದ್ಯಲಾ ನೀನು."

"ಹೌದು."

"ಆದ್ರೂ ಬಾಯಿ ಬಿಟ್ಯಲಾ. ಸಾಹೇಬ್ರಿಗೆ ಎಂತ ಹೇಳ್ದೆ?"

ಕನ್ನಡದಲ್ಲಿ ಹೇಳಿದೆ. ಅಪ್ಪ ದೋಣಿಯ ಅಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಹಾಗೆ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಆತು. ಹೊಳೆ ದಾಟು. ಆಯ್ತವಾರ ಮಾತ್ರ ದೋಣಿಗೆ ಬರ್ಬೇಕು, ಹಾಂ!"

ಹೈಸ್ಕೂಲಿನ ಮೊದಲ ದಿನ ತಾರಿಯಲ್ಲಿ ಊರಿನ ಅರ್ಧ ಜನ ಇದ್ದರು. ದೋಣಿ ದಡ ಬಿಟ್ಟಿತು. ಅಪ್ಪ ಮೊಣಕಾಲು ನೀರಿಗೆ ಇಳಿದು, ಬಲಗೈ ಚಾಚಿ, ಗಟ್ಟಿಯಾಗಿ ಕೂಗಿದರು: "ಗೋ ಆ್ಯಂಡ್ ಕಮ್!" ನಾಚಿಕೆಯಿಂದ ನಾನು ಮೀನಿನ ಬುಟ್ಟಿಗಳ ನಡುವೆ ತಲೆ ಹುದುಗಿಸಿಕೊಂಡೆ. ಅಪ್ಪನಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ. ಅದನ್ನು ಅವರು ಒಂದು ದಿನವೂ ಬಿಡಲಿಲ್ಲ. ನಾನು ಕೆಲಸ ಸಿಕ್ಕಿ ಭಟ್ಕಳಕ್ಕೆ ಹೊರಟಾಗಲೂ ಅದೇ. ಮುದುಕರಾಗಿ ಹಾಸಿಗೆ ಹಿಡಿದಿದ್ದಾಗ, ನೋಡಿ ಹೊರಟ ನಾನು "ಬತ್ತೆ ಅಪ್ಪಾ" ಎಂದಾಗ, ಕೈ ಸ್ವಲ್ಪ ಎತ್ತಿ ಅದನ್ನೇ ಹೇಳಿದರು. ಈಗ ಅದನ್ನು ಕೇಳಬೇಕೆಂದು ನನಗೆ ಎಷ್ಟೋ ಸಲ ಅನಿಸುತ್ತದೆ.

ಈಗ ಆ ಹೊಳೆಗೆ ಸೇತುವೆ ಇದೆ. ನಿಮ್ಮ ಮನೆಗೆಲಸ ಅಮ್ಮನ ಫೋನಿಗೆ ಬರುತ್ತದೆ. ಹೋದ ವಾರ ಅದೇ ಮೆಣಸಿನ ರಾಣಿಯ ಬಗ್ಗೆ ಪ್ರಾಜೆಕ್ಟ್ ಎಂದು ನೀವಿಬ್ಬರೂ ಕಂಪ್ಯೂಟರಿನಲ್ಲಿ ಚಿತ್ರ ಅಂಟಿಸಿ, ನೀರು ಕುಡಿದಷ್ಟು ಸಲೀಸಾಗಿ ಇಂಗ್ಲಿಷ್ ಬರೆದಿರಿ. ನನಗೆ ಹೆಮ್ಮೆ ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಬೆಳಿಗ್ಗೆ ಶಾಲೆಯ ವ್ಯಾನು ಬಂದಾಗ "ಬಾಯ್" ಎಂದು ಬಾಗಿಲು ಎಳೆದುಕೊಂಡು ಹೋಗಿಬಿಡುತ್ತೀರಿ. ಆಗ ಈ ಮುದುಕ ಗೇಟಿನಲ್ಲಿ ನಿಂತು "ಗೋ ಆ್ಯಂಡ್ ಕಮ್" ಎಂದು ಕೂಗುವುದು ಯಾಕೆ, ನಿಮ್ಮ ಗೆಳೆಯರೆಲ್ಲ ನಗುತ್ತಾರೆ ಎಂದು ಮೊನ್ನೆ ಸಿಟ್ಟು ಮಾಡಿದಿರಲ್ಲ, ಅದಕ್ಕೇ ನಿನ್ನೆ ರಾತ್ರಿ ನಿಮಗೆ ಇಷ್ಟೆಲ್ಲ ಹೇಳಿದ್ದು.

ಇವತ್ತು ಬೆಳಿಗ್ಗೆ ವ್ಯಾನು ತಿರುವಿನಲ್ಲಿ ನಿಧಾನವಾದಾಗ ನಿಮ್ಮಲ್ಲಿ ಚಿಕ್ಕವಳು ಕಿಟಕಿಯಿಂದ ಕೈ ಹೊರಗೆ ಚಾಚಿ ಕೂಗಿದಳು: "ಅಜ್ಜಾ, ಗೋ ಆ್ಯಂಡ್ ಕಮ್!"

ನಾನು ಎಲ್ಲಿಗೂ ಹೊರಟಿರಲಿಲ್ಲ. ಲುಂಗಿ ಉಟ್ಟು, ಹಾಲಿನ ಪ್ಯಾಕೆಟ್ ಹಿಡಿದು ನಮ್ಮ ಗೇಟಿನಲ್ಲೇ ನಿಂತಿದ್ದೆ. ಆದರೂ ಗಟ್ಟಿಯಾಗಿ "ಬತ್ತೆ!" ಎಂದೆ.