ಸೊಸೆ ಮನೆಯಲ್ಲೇ ಶಾಲೆ ತೆರೆದ ವರ್ಷ

ನನ್ನ ಮೊಮ್ಮಗಳನ್ನು ಮೂರನೇ ತರಗತಿಯಿಂದ ಬಿಡಿಸಿ ತಂದವಳು ನನ್ನ ಸೊಸೆ. ಬಿಡಿಸಿ ತರುವಂಥ ಕೆಲಸ ಮಾಡಿಟ್ಟವಳು ನಾನು. ಒಂದು ಬೆಳಿಗ್ಗೆ ತಾರ್ಲೆ ಮೀನು ಕೊಯ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಕೂಸಿಗೆ ಎರಡು ಜಡೆ ಹೆಣೆದು ಕಳಿಸಿದ್ದೆ. ಅಂಕೋಲೆಯ ಆ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಮೂಗು ಮುಚ್ಚಿಕೊಂಡು ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದರು. ಕೂಸು ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಸೊಸೆ ಮರುದಿನ ಹೋಗಿ ಜಗಳ ಮಾಡಿ, ಟಿ.ಸಿ. ಕಿತ್ತುಕೊಂಡು ಬಂದಳು.

"ಇನ್ನು ನಾನೇ ಕಲಿಸ್ತೆ. ಮನೇಲೇ," ಅಂದಳು.

"ಕಲಿಸು ಮಾರಾಯ್ತಿ," ಅಂದೆ. "ಜಡೆನೂ ನೀನೇ ಹಾಕು."

ಮಗ ಕೈಗಾದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ. ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿಯುವವನು, ಬರುವಾಗ ಅರ್ಧ ನಿದ್ದೆ. ಅವನನ್ನು ಕೇಳಿದರೆ, "ಅವಳು ಪಿಯುಸಿ ಓದಿದವಳು, ಅವಳಿಗೆ ಗೊತ್ತು," ಅಂದ. ಗಂಡಸರಿಗೆ ಮನೆಯಲ್ಲಿ ಯಾರಾದರೂ ಒಬ್ಬರಿಗೆ ಗೊತ್ತಿದ್ದರೆ ಸಾಕು, ನಿದ್ದೆ ಚೆನ್ನಾಗಿ ಬರುತ್ತದೆ.

ಸೊಸೆ ಹುಟ್ಟಿ ಬೆಳೆದದ್ದು ಕಾರವಾರದಲ್ಲಿ. ವಾರಪತ್ರಿಕೆ ಓದುವ ಚಟ. ಆಟ ಆಡುತ್ತಲೇ ಮಕ್ಕಳು ಕಲಿಯಬೇಕು, ಪುಸ್ತಕ ಮತ್ತು ಆಟದ ಸಾಮಾನು ಸರಿಯಾಗಿ ಆರಿಸಿದರೆ ಶಾಲೆಯೇ ಬೇಡ ಎಂದು ಅದರಲ್ಲಿ ಯಾರೋ ಬರೆದಿದ್ದರಂತೆ. ಬರೆದವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆಂದು ಅಲ್ಲಿ ಬರೆದಿರಲಿಲ್ಲ. ನಾನು ಎರಡನೇ ತರಗತಿಯವರೆಗೆ ಹೋದವಳು, ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ನನ್ನ ಮಾತು ಯಾರು ಕೇಳುತ್ತಾರೆ? ಚೀಲ ಹೊರಲಿಕ್ಕೆ ಮಾತ್ರ ಕರೆದಳು. ಹೋದೆ.

ಕಾರವಾರದ ಪೇಟೆಯಲ್ಲಿ ಒಂದು ಪುಸ್ತಕದ ಅಂಗಡಿ. ಸೊಸೆ ಬಣ್ಣ ನೋಡಿ ಆರಿಸುತ್ತಿದ್ದಳು, ನಾನು ಹೊಲಿಗೆ ನೋಡಿ. ನಲವತ್ತು ವರ್ಷ ಬಲೆ ಸರಿ ಮಾಡಿದ ಕೈ ನನ್ನದು. ಯಾವುದನ್ನು ಹಿಡಿದರೂ ಮೊದಲು ಎಳೆದು ನೋಡುತ್ತದೆ. ಒಂದು ದಪ್ಪ ಪುಸ್ತಕ ತೆಗೆದುಕೊಂಡು ಎರಡೂ ರಟ್ಟು ಹಿಡಿದು ಎಳೆದೆ. ಬೆನ್ನು ಬಿರಿದು ನಾಲ್ಕು ಹಾಳೆ ಕೈಗೇ ಬಂದವು.

"ಅಮ್ಮಾ, ಹರೀಬೇಡಿ!" ಅಂಗಡಿಯವನು ಓಡಿ ಬಂದ.

"ಹರೀಲಿಲ್ಲ ತಮ್ಮಾ, ಎಳೆದೆ. ಒಂದು ನೂಲು ಹಾಕಲಿಲ್ಲ ಇದಕ್ಕೆ, ಬರೀ ಗೋಂದು. ನಮ್ಮ ಮನೆ ಸಮುದ್ರದ ಬದಿಗೆ. ಮಳೆಗಾಲ ಮುಗಿಯೂದ್ರೊಳಗೆ ಇದು ಪುಸ್ತಕ ಅಲ್ಲ, ದೋಸೆ ಹಿಟ್ಟು."

ಸೊಸೆ ನನ್ನ ತೋಳು ಚಿವುಟಿದಳು. "ಅತ್ತೆ, ಸುಮ್ಮನಿರಿ. ಮರ್ಯಾದೆ ಹೋಗ್ತದೆ."

ಆ ಪುಸ್ತಕವನ್ನೇ ತೆಗೆದುಕೊಳ್ಳಬೇಕಾಯಿತು, ಹರಿದದ್ದು ನಾವೇ ಅಲ್ಲವೇ. ಅದರ ತುಂಬ ಹಿಮ. ಹಿಮದ ಮೇಲೆ ಜಾರುವ ಮಕ್ಕಳು, ಹಿಮದ ಬೊಂಬೆ, ಹಿಮದಲ್ಲಿ ಕರಡಿ. ನಮ್ಮ ಕೂಸು ಹಿಮ ಕಂಡದ್ದು ಮೀನಿನ ಪೆಟ್ಟಿಗೆಯಲ್ಲಿ. ಆಮೇಲೆ ಒಂದು ಭಾರತದ ನಕಾಶೆ, ತುಂಡು ತುಂಡಾಗಿ ಕತ್ತರಿಸಿದ್ದು, ಜೋಡಿಸಬೇಕು. ಆಮೇಲೆ ಒಂದು ಪ್ರಶ್ನೆ ಹಲಗೆ. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ, ಎಲ್ಲದರ ಪಕ್ಕಕ್ಕೂ ಒಂದು ತಗಡಿನ ಮೊಳೆ, ಮೊಳೆಗೆ ಹಚ್ಚಲಿಕ್ಕೆ ಎರಡು ವಾಯರು, ಒಂದು ಸಣ್ಣ ಬಲ್ಬು. ಉತ್ತರ ಸರಿಯಾದರೆ ಬಲ್ಬು ಹತ್ತುತ್ತದೆ. ಕೊನೆಗೆ ಒಂದು ಚಿತ್ರದ ಕಾರ್ಡುಗಳ ಪೆಟ್ಟಿಗೆ. ಪ್ರಾಣಿ, ಹಕ್ಕಿ, ಹಣ್ಣು, ವಾಹನ, ಎಲ್ಲ ಕಲಸಿ ಇಟ್ಟದ್ದು. ಮಗು ಅವನ್ನು ಬೇರೆ ಬೇರೆ ಮಾಡಬೇಕಂತೆ. ಅವರೇ ಕಲಸುವುದು, ಮಕ್ಕಳ ಹತ್ತಿರ ಬೇರೆ ಮಾಡಿಸುವುದು. ಮೊದಲೇ ಬೇರೆ ಇಟ್ಟಿದ್ದರೆ ಅಂಗಡಿಯವನ ಗಂಟೇನು ಹೋಗುತ್ತಿತ್ತು?

ಮನೆಯಲ್ಲಿ ಶಾಲೆ ಶುರುವಾಯಿತು. ಜಗಲಿಯಲ್ಲಿ ಚಾಪೆ, ಚಾಪೆಯ ಮೇಲೆ ಸೊಸೆ, ಅವಳ ಎದುರು ಒಬ್ಬಳೇ ವಿದ್ಯಾರ್ಥಿನಿ. ಹಾಜರಿ ಕೂಡ ಕರೆಯುತ್ತಿದ್ದಳು. ಇದ್ದವಳು ಒಬ್ಬಳು, ಅವಳೂ ಕೆಲವು ಸಲ ಗೈರು, ದಂಡೆಗೆ ಓಡಿರುತ್ತಿದ್ದಳು.

ಪ್ರಶ್ನೆ ಹಲಗೆಯ ಕತೆ ಒಂದು ತಿಂಗಳಿಗೇ ಮುಗಿಯಿತು. ಉಪ್ಪುಗಾಳಿ ನಮ್ಮ ಮನೆಯ ಬಾಗಿಲ ಚಿಲಕವನ್ನೇ ತಿನ್ನುತ್ತದೆ, ಆ ತಗಡಿನ ಮೊಳೆಗಳನ್ನು ಬಿಡುತ್ತದೆಯೇ? ಅರ್ಧಕ್ಕರ್ಧ ಮೊಳೆ ತುಕ್ಕು ಹಿಡಿದವು, ಹಿಂದಿನ ತಂತಿ ಕಳಚಿ ಬೇರೆ ಮೊಳೆಗೆ ತಾಗಿದವು. ಸರಿ ಉತ್ತರಕ್ಕೂ ಬಲ್ಬು ಹತ್ತಲಿಲ್ಲ. ಕೂಸು ಆ ಬಲ್ಬನ್ನು ದೇವರ ಪ್ರಸಾದದಷ್ಟು ನಂಬಿತ್ತು.

"ಅಜ್ಜಿ, ಕರ್ನಾಟಕದ ರಾಜಧಾನಿ ಬೆಂಗಳೂರು ಅಲ್ವಂತೆ."

"ಮತ್ತೆ?"

"ಎಲ್ಲಾ ಊರಿಗೂ ಹಚ್ಚಿ ನೋಡ್ದೆ. ಪಾಟ್ನಾಕ್ಕೆ ಹತ್ತಿತು."

ಇಷ್ಟಾದರೂ ಸೊಸೆ ತಪ್ಪು ಹಲಗೆಯದೆಂದು ಒಪ್ಪಲಿಲ್ಲ. ಸೆಲ್ ಬದಲಿಸಿದಳು. ಪಾಟ್ನಾ ಇನ್ನೂ ಜೋರಾಗಿ ಬೆಳಗಿತು.

ಕಾರ್ಡಿನ ಪೆಟ್ಟಿಗೆಯ ಮೇಲೆ ಹೇಗೆ ಆಡಬೇಕೆಂದು ಇಂಗ್ಲಿಷಿನಲ್ಲಿ ಬರೆದಿತ್ತು. ಸೊಸೆ ತವರಿಗೆ ಹೋಗಿದ್ದ ಒಂದು ವಾರ, ಕೂಸು ಆ ಪೆಟ್ಟಿಗೆ ತಂದು ನನ್ನ ಮುಂದೆ ಸುರುವಿತು. "ಅಜ್ಜಿ, ಇದನ್ನ ಬೇರೆ ಬೇರೆ ಹಾಕ್ಬೇಕಂತೆ. ಹೆಂಗೆ?"

ನನಗೆ ಬೇರೆ ಬೇರೆ ಹಾಕುವುದು ಗೊತ್ತಿದ್ದದ್ದು ಒಂದೇ ರೀತಿ. ದಂಡೆಯಿಂದ ಎಳೆಯುವ ಏಂಡಿ ಬಲೆ ಮೇಲೆ ಬಂದ ಮೇಲೆ ಮೀನು ಪಾಲು ಮಾಡುತ್ತೇವಲ್ಲ, ಹಾಗೆ. ದೊಡ್ಡದು ಪಾಲಿಗೊಂದು, ನಡುವಿನದು ಎರಡೆರಡು, ಸಣ್ಣದು ಒಂದೊಂದು ಮುಷ್ಟಿ, ಎಲ್ಲ ಪಾಲಿನಲ್ಲೂ ಎಲ್ಲ ಬಗೆ ಬರಬೇಕು. ಪಾಲು ಹಾಕಿದವಳು ಕೊನೆಗೆ ಎತ್ತಿಕೊಳ್ಳಬೇಕು, ಉಳಿದವರು ಮೊದಲು. ಆಗ ಕೈ ತಾನಾಗಿಯೇ ನ್ಯಾಯವಾಗಿ ಓಡುತ್ತದೆ. ಇದನ್ನೇ ಕಲಿಸಿದೆ. ಆನೆ, ಬಸ್ಸು, ಒಂಟೆ, ಹಡಗು ದೊಡ್ಡವು, ಒಂದೊಂದು ಪಾಲಿಗೆ ಒಂದೊಂದು. ಇರುವೆ, ದ್ರಾಕ್ಷಿ, ಗುಬ್ಬಿ ಸಣ್ಣವು, ಕೊನೆಗೆ ಉದುರಿಸುವುದು. ಕೂಸಿನ ಕೈ ಚುರುಕು. ಒಂದು ವಾರದಲ್ಲಿ ನಾನು ಕಣ್ಣಿಟ್ಟು ನೋಡಿದರೂ ಯಾವ ಪಾಲು ಹೆಚ್ಚು, ಯಾವುದು ಕಡಿಮೆ ಎನ್ನಲಿಕ್ಕೆ ಬರದಂತೆ ಹಾಕತೊಡಗಿತು. ಒಳ್ಳೆ ಆಟ ಅಂದುಕೊಂಡೆ. ಆ ಮನೆಶಾಲೆಯಲ್ಲಿ ಪ್ರಯೋಜನಕ್ಕೆ ಬಂದ ಸಾಮಾನು ಇದೊಂದೇ ಎಂದು ಸೊಸೆಗೆ ಹೇಳಬೇಕೆಂದಿದ್ದೆ. ಅವಳು ಬರುವಷ್ಟರಲ್ಲಿ ಮರೆತೆ.

ಮೇ ತಿಂಗಳಿಗೆ ಸೊಸೆಯ ಉತ್ಸಾಹ ಇಳಿಯಿತು. ಹಿಮದ ಪುಸ್ತಕ ಹಾಳೆ ಹಾಳೆಯಾಗಿತ್ತು. ನಕಾಶೆಯಲ್ಲಿ ಗುಜರಾತ್ ಕಳೆದು ಹೋಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕೂಸೇ ಅಳತೊಡಗಿತು. ಅದರ ಜೊತೆಯ ಕೇರಿಯ ಹುಡುಗಿಯರೆಲ್ಲ ಜೂನಿಗೆ ನಾಲ್ಕನೇ ತರಗತಿಗೆ ಹೋಗುವವರು. "ನಾನೊಬ್ಬಳೇ ಸಣ್ಣ ಮಕ್ಕಳ ಸಂಗಡ ಕೂತ್ಕೊಳ್ಳೂದಿಲ್ಲ" ಎಂದು ಹಟ ಹಿಡಿಯಿತು. ಮತ್ತೆ ಮೂರಕ್ಕೇ ಕೂರಿಸಿದರೆ ಶಾಲೆಗೇ ಹೋಗುವುದಿಲ್ಲವಂತೆ. ಸೊಸೆ ಇನ್ನೊಂದು ಶಾಲೆಯ ಹೆಡ್ ಅಕ್ಕೋರನ್ನು ಕಂಡು ಬಂದಳು. ಕೂಸನ್ನು ತಾವೇ ಪರೀಕ್ಷೆ ಮಾಡುವುದಾಗಿಯೂ, ಸರಿ ಕಂಡರೆ ನಾಲ್ಕಕ್ಕೆ, ಇಲ್ಲದಿದ್ದರೆ ಮೂರಕ್ಕೇ ಕೂರಿಸುವುದಾಗಿಯೂ ಅವರು ಹೇಳಿದರು.

ನಾವು ಮೂವರೂ ಹೋದೆವು. ಕೂಸು ಕನ್ನಡ ಪುಸ್ತಕ ಗಳಗಳ ಓದಿತು. ಅದರಲ್ಲಿ ಸೊಸೆಯ ಶ್ರಮ ಇತ್ತು, ಇಲ್ಲವೆನ್ನುವುದಿಲ್ಲ. ರಾಜಧಾನಿ ಕೇಳಿದರು. ಕೂಸು ನನ್ನ ಮುಖ ನೋಡಿ, ಪುಣ್ಯಕ್ಕೆ ಬೆಂಗಳೂರು ಅಂದಿತು. ಆಮೇಲೆ ಅಕ್ಕೋರು ಕಪಾಟಿನಿಂದ ಒಂದು ಕಾರ್ಡಿನ ಪೆಟ್ಟಿಗೆ ತೆಗೆದರು. ನಮ್ಮ ಮನೆಯದ್ದರ ಅಕ್ಕತಂಗಿ. ಸೊಸೆಯ ಮುಖ ಅರಳಿತು. "ಇದು ಅವಳಿಗೆ ಬಾಯಿಪಾಠ ಅಕ್ಕೋರೇ," ಅಂದಳು.

ಕೂಸು ಕಾರ್ಡು ಕೈಗೆ ತೆಗೆದುಕೊಂಡಿತು. ಸರಸರ ನಾಲ್ಕು ಪಾಲು ಹಾಕಿ ಕೈ ಕಟ್ಟಿ ನಿಂತಿತು.

ಅಕ್ಕೋರು ಕನ್ನಡಕ ಏರಿಸಿದರು. "ಇದೆಂತದು ತಂಗೀ? ಆನೆ, ಬಾಳೆಹಣ್ಣು, ಸೈಕಲ್ಲು, ಗಿಳಿ ಒಂದೇ ಕಡೆ? ಆನೆ ಯಾವ ಗುಂಪು, ಬಾಳೆಹಣ್ಣು ಯಾವ ಗುಂಪು?"

ಕೂಸು ಪಾಲು ಸರಿ ಇಲ್ಲ ಅಂದರೆಂದು ತಿಳಿದು ಒಂದು ಇರುವೆಯನ್ನು ಆಚೆಯಿಂದ ಈಚೆಗೆ ಇಟ್ಟಿತು.

"ಓದೂದು ಅಡ್ಡಿಲ್ಲ. ತಿಳುವಳಿಕೆ ಇನ್ನೂ ಬರ್ಬೇಕು," ಅಂದರು ಅಕ್ಕೋರು. "ಮೂರಕ್ಕೇ ಇರ್ಲಿ."

ಸೊಸೆ ಬೆವರು ಒರೆಸಿಕೊಂಡಳು. ಕೂಸು ಬಂದು ನನ್ನ ಸೆರಗು ಹಿಡಿದುಕೊಂಡಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಬೈಗುಳವೆಲ್ಲ ವಾರಪತ್ರಿಕೆಗೆ ಹೋಗುತ್ತಿತ್ತು. ಆದರೆ ಒಂದು ವರ್ಷ ಕಳೆಯುವುದು ಕೂಸಿನದ್ದು.

"ಅಕ್ಕೋರೇ, ತಪ್ಪು ಅದರದ್ದಲ್ಲ. ನಾ ಕಲಿಸಿದ್ದು."

"ನೀವಾ? ಎಂತಾ ಕಲಿಸಿದ್ರಿ?"

"ಮೀನು ಪಾಲು ಹಾಕೂದು. ಅದು ಗುಂಪು ಮಾಡ್ಲಿಲ್ಲ, ಪಾಲು ಮಾಡ್ತು. ನೀವು ಬೇಕಾದ್ದು ಎತ್ತಿಕೊಳ್ಳಿ, ಒಂದು ಪಾಲು ಹೆಚ್ಚು ಕಂಡ್ರೆ ಮೂರಕ್ಕಲ್ಲ, ಎರಡಕ್ಕೇ ಕೂಡ್ರಿಸಿ."

ಸೊಸೆ ನನ್ನನ್ನು ನೋಡಿದ ನೋಟಕ್ಕೆ ಹಸಿ ಮೀನು ಒಣಗಬೇಕು. ಅಕ್ಕೋರು ಪಾಲು ಪಾಲನ್ನೂ ತಿರುವಿ ನೋಡಿದರು. ಎರಡು ಸಲ ಎಣಿಸಿದರು. ಆಮೇಲೆ ಕೂಸಿನ ಕಡೆ ತಿರುಗಿದರು.

"ಮೂವತ್ತೆಂಟು ಬಂಗಡೆ, ಐದು ಜನ. ಹೆಂಗೆ ಹಾಕ್ತಿ?"

ಕೂಸು ಗಾಳಿಯಲ್ಲಿ ಬೆರಳು ಆಡಿಸಿತು. "ಏಳೇಳು. ಮೂರು ಉಳೀತದೆ."

"ಆ ಮೂರು?"

"ಅದು ಬಲೆ ಹಗ್ಗ ಎಳೆಯೂಕೆ ಬಂದ ಮಕ್ಕಳಿಗೆ."

ಅಕ್ಕೋರು ನಗಲಿಲ್ಲ. ಆನೆಯ ಕಾರ್ಡು ಎತ್ತಿ ಹಿಡಿದು, "ಇದರ ಜಾತಿಯವು ಮಾತ್ರ ಈಚೆ ಹಾಕು ಕಾಣ್ವಾ," ಅಂದರು. ಕೂಸು ಒಂದು ನಿಮಿಷದಲ್ಲಿ ಪ್ರಾಣಿಗಳನ್ನೆಲ್ಲ ಆರಿಸಿ ಕೊಟ್ಟಿತು. ಹಾಗೆ ಕೇಳಬೇಕೆಂದು ಮೊದಲೇ ಯಾರಿಗಾದರೂ ಹೊಳೆದಿತ್ತೇ? ನನಗೂ ಇಲ್ಲ, ಸೊಸೆಗೂ ಇಲ್ಲ, ಪೆಟ್ಟಿಗೆ ಮಾಡಿದವನಿಗಂತೂ ಇಲ್ಲ.

"ನಾಲ್ಕಕ್ಕೆ ಕೂರಿಸ್ತೆ," ಅಂದರು ಅಕ್ಕೋರು. "ದಸರೆ ಪರೀಕ್ಷೆವರೆಗೆ ನೋಡೂದು. ಆಗ್ಲಿಲ್ಲ ಅಂದ್ರೆ ವಾಪಸ್ ಮೂರಕ್ಕೆ. ಆಮೇಲೆ ನನ್ ಹತ್ರ ಜಗಳಕ್ಕೆ ಬರೂದಲ್ಲ."

ಸೊಸೆ ಗೋಣು ಹಾಕಿದಳು. ಅರ್ಜಿಯಲ್ಲಿ ಹಿಂದಿನ ವರ್ಷ ಎಲ್ಲಿ ಕಲಿತದ್ದು ಎಂಬ ಕಡೆ ಅಕ್ಕೋರು "ಮನೆ" ಎಂದು ಬರೆದು, "ಕಲಿಸಿದವರು?" ಎಂದು ಕೇಳಿದರು. ಸೊಸೆ ತನ್ನ ಹೆಸರು ಹೇಳಿದಳು. ನನ್ನ ಕಡೆ ತಿರುಗಿ ನೋಡಿ, "ಅತ್ತೆ ಹೆಸರೂ ಹಾಕಿ," ಅಂದಳು.

"ನನ್ನ ಹೆಸರು ಬೇಡ," ಅಂದೆ. "ದಸರೆಗೆ ಫೇಲಾದ್ರೆ ಒಬ್ಬಳಾದ್ರೂ ಮರ್ಯಾದೆಯಿಂದ ಕೇರೀಲಿ ತಿರುಗಬೇಕಲ್ಲ."

ಅಕ್ಕೋರು ನನ್ನ ಮಾತು ಕೇಳದವರ ಹಾಗೆ ಎರಡೂ ಹೆಸರು ಬರೆದು, ಸಹಿಗೆ ಕಾಗದ ನನ್ನ ಕಡೆಗೇ ಮೊದಲು ತಳ್ಳಿದರು.