ಬೆರಳಿಗೆ ನೆನಪಾಗದ ಒಂದು ಸಾಲು

ಬೆಳಗಿನ ಐದೂವರೆ. ಬಂಟ್ವಾಳ ಪೇಟೆಯ ಮುದ್ರಣಾಲಯದಲ್ಲಿ ಜತ್ತಪ್ಪನವರ ಬೆರಳುಗಳು ಸೀಸದ ಅಕ್ಷರಗಳ ಅಚ್ಚುಮೊಳೆ ಹೆಕ್ಕಿ ಜೋಡಿಸುತ್ತಿವೆ. ಚಾರ್ಮಾಡಿಯಿಂದ ಫರಂಗಿಪೇಟೆಯವರೆಗೆ ಇಂಥ ಕೈ ಇನ್ನೊಂದಿಲ್ಲ. ಕೋಳಿ ಒಂದು ಕಾಳು ಹೆಕ್ಕುವಷ್ಟರಲ್ಲಿ ಇವರು ಮೂರು ಸಾಲು ಮುಗಿಸಿರುತ್ತಾರೆ. ಇವತ್ತು ಮಾತ್ರ ಆ ಕೈ ನಡುನಡುವೆ ನಿಂತು ಯೋಚಿಸುತ್ತಿದೆ.

ಇಪ್ಪತ್ತೆರಡು ವರ್ಷದಿಂದ ಜತ್ತಪ್ಪ ನಿಂತೇ ದುಡಿಯುತ್ತಾರೆ. ದಿನಕ್ಕೆ ಹತ್ತು ಸಾವಿರ ಮೊಳೆ. ಒಟ್ಟು ಹಾಕಿದರೆ ನೇತ್ರಾವತಿಗೆ ಅಡ್ಡ ಕಟ್ಟೆ ಕಟ್ಟುವಷ್ಟು ಸೀಸ. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಈ ಅರವತ್ತೆರಡನೇ ಇಸವಿಯಲ್ಲಿ ಸ್ಪ್ಯಾನಿಷ್ ವ್ಯಾಕರಣ ಕೂಡ! ಹಡಗಿನಲ್ಲಿ ಅಡುಗೆ ಮಾಡುತ್ತ ಏಳು ಸಮುದ್ರ ಸುತ್ತಿದ ಮೂಸಬ್ಬ, ಹಡಗು ಸೇರುವ ಊರವರಿಗಾಗಿ ಆ ಭಾಷೆಯನ್ನು ಕನ್ನಡ ಅಕ್ಷರದಲ್ಲೇ ಕಲಿಸುವ ಪುಸ್ತಕ ಬರೆದಿದ್ದಾರೆ.

ಕೊನೆಯ ಪುಟ ಅನಿಶ್ಚಿತ ಸರ್ವನಾಮಗಳದು. ‘ಆಲ್ಗಿಯೆನ್’ ಎಂದರೆ ಯಾರೋ ಒಬ್ಬ, ‘ನಾದಿಯೆ’ ಎಂದರೆ ಯಾರೂ ಇಲ್ಲ. ‘ಆಲ್ಗೊ’ ಏನೋ ಒಂದು, ‘ನಾದಾ’ ಏನೂ ಇಲ್ಲ. ಮೊಳೆಗೆ ಬರ ಇರುವ ಪ್ರೆಸ್ಸು. ಅಚ್ಚಾದ ಪುಟವನ್ನು ಕೂಡಲೇ ಬಿಚ್ಚಿ ಮೊಳೆಗಳನ್ನು ಖಾನೆಗಳಿಗೆ ತುಂಬಬೇಕು. ನಿನ್ನೆ ಸಂಜೆ, ದಾರ ಕಟ್ಟಿಟ್ಟ ಎರಡು ಪುಟಗಳಲ್ಲಿ ಅಚ್ಚಾದದ್ದರ ಬದಲು ಜತ್ತಪ್ಪ ತಪ್ಪಿ ಬಿಚ್ಚಿದ್ದು ಇನ್ನೂ ಅಚ್ಚಾಗದ ಈ ಪುಟವನ್ನು. ವಾಡಿಕೆಯಂತೆ ಅದರ ಕೈಬರಹ, ಕರಡುಪ್ರತಿ ಎರಡರಿಂದಲೂ ರೋಲರಿನ ಮಸಿ ಒರೆಸಿಯೂ ಆಗಿದೆ; ನೋಡಿ ಜೋಡಿಸಲು ಒಂದಕ್ಷರವೂ ಉಳಿದಿಲ್ಲ.

“ಧಣಿಗಳಿಗೆ ಗೊತ್ತಾದ್ರೆ ಇವತ್ತೇ ನನ್ನನ್ನು ಹೊರಗೆ ಹಾಕ್ತಾರೆ,” ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾರೆ. “ಮೂರು ಸಲ ತಿದ್ದಿ ಜೋಡಿಸಿದ ಪುಟ. ತಲೆಯಲ್ಲಿ ಇಲ್ಲ, ಬೆರಳಲ್ಲಿ ಉಂಟು.”

ಬೆರಳಲ್ಲಿ ಎಲ್ಲವೂ ಇದೆ, ‘ನಾದಿಯೆ’ ಕೆಳಗಿನ ಉದಾಹರಣೆಯ ಸಾಲು ಒಂದನ್ನು ಬಿಟ್ಟು. ಆ ಜಾಗ ಖಾಲಿ.

ಎಂಟಕ್ಕೆ ಮೂಸಬ್ಬ ಬರುತ್ತಾರೆ. ನಾಳೆ ಬೊಂಬಾಯಿಗೆ ಹೊರಡುವ ಹದಿನಾಲ್ಕು ಮಂದಿ ಪುಸ್ತಕಕ್ಕೆ ಕಾದಿದ್ದಾರೆ. ಬೆನ್ನಿಗೇ ಧಣಿ ಕಮಲಾಕ್ಷ. ಹೊಸ ಕರಡಿನ ಮೇಲೆ ಓಡುತ್ತಿದ್ದ ಮೂಸಬ್ಬನವರ ಬೆರಳು ಖಾಲಿ ಜಾಗದಲ್ಲಿ ನಿಲ್ಲುತ್ತದೆ.

“ಇಲ್ಲೊಂದು ಸಾಲು ಇತ್ತಲ್ಲ ಜತ್ತಪ್ಪ?”

ಜತ್ತಪ್ಪನವರ ಎದೆಬಡಿತ ಗುರುವಾಯನಕೆರೆಗೂ ಕೇಳಿಸುತ್ತದೆ.

“ಎಂಥದ್ದು?” ಧಣಿ ಕನ್ನಡಕ ಏರಿಸುತ್ತಾರೆ.

ಮೂಸಬ್ಬ ಒಮ್ಮೆ ಜತ್ತಪ್ಪನವರ ಮುಖ ನೋಡುತ್ತಾರೆ. “ಓ, ನಾನೇ ತೆಗೀಲಿಕ್ಕೆ ಹೇಳಿದ್ದು. ಕಲಿಯುವವರು ಬರೆದು ತುಂಬಿಸಲಿ. ಎಲ್ಲ ನಾವೇ ಬರೆದು ಕೊಟ್ರೆ ಅವರಿಗೆ ತಲೆ ಯಾಕೆ, ಟೊಪ್ಪಿ ಇಡ್ಲಿಕ್ಕಾ?”

ಧಣಿ ಒಳಹೋದ ಮೇಲೆ ಜತ್ತಪ್ಪ ಹತ್ತಿರ ಬರುತ್ತಾರೆ. “ಆ ಸಾಲು ಯಾವುದು ಮೂಸಬ್ಬಣ್ಣ?”

“ನನಗೂ ನೆನಪಿಲ್ಲ ಮಾರಾಯ. ಅಚ್ಚು ಹಾಕು, ನಾಳೆ ಅವರ ಬಸ್ಸು ಹೋಗ್ತದೆ.”

ಪುಸ್ತಕದಲ್ಲಿ ಜತ್ತಪ್ಪನವರ ಹೆಸರು ಎಲ್ಲೂ ಇಲ್ಲ, ಬೇಕೆಂದೂ ಅವರಿಗಿಲ್ಲ. ಇರುವ ಆಸೆ ಒಂದೇ, ಅದನ್ನು ಮೂಸಬ್ಬನವರಿಗೆ ಹೇಳುತ್ತಾರೆ. “ಹಡಗಿಗೆ ಹೋದವರು ಆ ಸಾಲಲ್ಲಿ ಏನು ಬರೆದ್ರು ಅಂತ ನನಗೊಂದು ಕಾಗದ ಹಾಕಲಿ. ಮುಂದಿನ ಸಲ ಅದನ್ನೇ ಜೋಡಿಸ್ತೇನೆ.”