ಎಲ್ಫ್‌ಗಳ ದೇವಿಗೆ ಹೂ ಕೇಳಿದ್ದು

ವಿಜಯನಗರದಲ್ಲಿ ನನ್ನ ಕಾಲೇಜಿನ ಗೆಳತಿಯ ಹಲ್ಲಿನ ಕ್ಲಿನಿಕ್ ಇದೆ. ಭಾನುವಾರ ಅದಕ್ಕೆ ರಜಾ. ಮಧ್ಯಾಹ್ನ ಊಟವಾದ ಮೇಲೆ ನಾವು ನಾಲ್ಕು ಜನ ಅಲ್ಲಿ ಸೇರುತ್ತೇವೆ. ರೋಗಿಗಳು ಕಾಯುವ ಕೋಣೆಯ ಕುರ್ಚಿಗಳನ್ನು ಗೋಡೆಗೆ ತಳ್ಳಿ, ಮಧ್ಯೆ ಮಡಚುವ ಟೇಬಲ್ ಹಾಕಿ, ಸಂಜೆಯವರೆಗೂ ಆಡುತ್ತೇವೆ. ಕಾರ್ಡಲ್ಲ, ಕೇರಂ ಅಲ್ಲ. ಕಥೆ ಕಟ್ಟುವ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಅದರೊಳಗಿನ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ನಾವು ಮಾಡಲು ಹೊರಟದ್ದು ಕೈಗೂಡುತ್ತದೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ.

ಕಥೆ ನಡೆಸುವವಳು ನನ್ನ ಗೆಳತಿ. ಟೈಲ್ಸ್ ಅಂಗಡಿ ಇಟ್ಟಿರುವ ಅವಳ ಗಂಡ ಆಟದಲ್ಲಿ ಗಡ್ಡದ ಕುಳ್ಳ, ಕೈಯಲ್ಲಿ ಯಾವಾಗಲೂ ಕೊಡಲಿ. ಕೆಂಗೇರಿಯಿಂದ ಬರುವ ಫಿಸಿಕ್ಸ್ ಮೇಷ್ಟ್ರು ಬಿಲ್ಲುಗಾರ. ಆಟದ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿರುವವರು ಅವರೇ. ನಾನು ಎಲ್ಫ್. ಎಲ್ಫ್ ಎಂದರೆ ಉದ್ದ ಕಿವಿಯ, ಕಾಡಿನಲ್ಲಿರುವ, ಏಳುನೂರು ಎಂಟುನೂರು ವರ್ಷ ಬದುಕುವ ಜನ. ನಾನು ಅವರ ಪೂಜಾರಿಣಿ. ವಾರವಿಡೀ ರಾಜಾಜಿನಗರದ ಒಂದು ಆಫೀಸಿನಲ್ಲಿ ಕೂತು ಔಷಧದ ಬಾಟಲಿಗಳ ಲೇಬಲ್‌ಗಳಲ್ಲಿ ತಪ್ಪು ಹುಡುಕುವ ನನಗೆ ಈ ಕೆಲಸ ಹಿತವಾಗಿತ್ತು.

ಪಾತ್ರ ಶುರುವಾದಾಗಲೇ ಗೆಳತಿ ಹೇಳಿದ್ದಳು, "ಎಲ್ಫ್‌ಗಳು ಹೇಗೆ ಪೂಜೆ ಮಾಡ್ತಾರೆ ಅಂತ ನಾನು ಬರೆಯಲ್ಲ ಕಣೇ. ಅದು ನಿಂದು. ನೀನು ಹೇಳಿದ್ದೇ ಆಗಮ."

ಮೇಷ್ಟ್ರು ಒಂದು ಸಲಹೆ ಕೊಟ್ಟರು. ಅವರ ಪ್ರಕಾರ ಎಲ್ಫ್‌ಗಳ ದೇವಸ್ಥಾನ ಬಿಳಿ ಅಮೃತಶಿಲೆಯದು, ಮೇಲೆ ಬೆಳ್ಳಿಯ ಚಂದ್ರ, ಒಳಗೆ ನೂರು ಜನ ಒಟ್ಟಿಗೆ ಹಾಡುತ್ತಾರೆ. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಅದರಲ್ಲಿ ನನ್ನ ಪೂಜಾರಿಣಿ ಬೆಳಗ್ಗೆ ಎದ್ದು ಏನು ಮಾಡಬೇಕು ಎಂದು ನನಗೆ ತಿಳಿಯಲಿಲ್ಲ. ನನಗೆ ಗೊತ್ತಿದ್ದ ಪೂಜೆ ಒಂದೇ, ಉಲ್ಲಾಳದಲ್ಲಿ ನನ್ನ ಅಜ್ಜಿ ಮಾಡುತ್ತಿದ್ದದ್ದು.

ನಮ್ಮದು ಉಲ್ಲಾಳ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮನೆತನ. ನಮ್ಮ ಹೊಲದ ಮೂಲೆಯಲ್ಲಿ ಒಂದು ಬೇವಿನ ಮರ, ಅದರ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಅದೇ ಅಮ್ಮ. ಗುಡಿಯಿಲ್ಲ, ಅರ್ಚಕರಿಲ್ಲ, ಮಂತ್ರವಿಲ್ಲ. ಮಂಗಳವಾರ, ಶುಕ್ರವಾರ ಅಜ್ಜಿ ತಂಬಿಗೆಯಲ್ಲಿ ನೀರು ತಂದು ಕಲ್ಲಿನ ಮೇಲೆ ಹೊಯ್ಯುತ್ತಿದ್ದಳು. ಅರಿಶಿನ ಬಳಿದು, ಕುಂಕುಮವಿಟ್ಟು, ಬಾಳೆಲೆಯ ಚೂರಿನಲ್ಲಿ ಮೊಸರನ್ನ ಇಟ್ಟು, ಪಕ್ಕದ ಮನೆಯವಳ ಹತ್ತಿರ ಮಾತಾಡುವಂತೆ ಮಾತಾಡುತ್ತಿದ್ದಳು. ದೊಡ್ಡ ವಿಷಯವಿದ್ದರೆ ಹೂ ಕೇಳುತ್ತಿದ್ದಳು. ಕಲ್ಲಿನ ನೆತ್ತಿಯ ಮೇಲೆ ಒದ್ದೆ ಹೂ ಅಂಟಿಸಿ ಕಾಯುವುದು. ಬಲಗಡೆ ಬಿದ್ದರೆ ಅಮ್ಮ ಒಪ್ಪಿದಳು, ಎಡಗಡೆ ಬಿದ್ದರೆ ಇಲ್ಲ. ನನ್ನನ್ನು ಕಾಲೇಜಿಗೆ ಕಳಿಸುವುದೋ ಬೇಡವೋ ಎಂದೂ ಹೂ ಕೇಳಿದ್ದಳು. ಬಲಗಡೆ ಬಿತ್ತು, ನಾನು ಓದಿದೆ.

ಹಾಗಾಗಿ ನನ್ನ ಎಲ್ಫ್‌ಗಳೂ ಮರದ ಬುಡದ ಕಲ್ಲಿಗೆ ನೀರು ಹೊಯ್ದರು, ಹೂ ಕೇಳಿದರು.

"ಇದು ಎಲ್ಫ್ ಅಲ್ಲ ಕಣೇ, ನಿಮ್ಮಜ್ಜಿಗೆ ಉದ್ದ ಕಿವಿ ಅಂಟಿಸಿದೀಯ," ಎಂದಳು ಗೆಳತಿ. ಬೇಡ ಎನ್ನಲಿಲ್ಲ. ಹೂವಿನ ಬದಲು ದಾಳ ಹಾಕುವುದು, ಹನ್ನೊಂದು ಮತ್ತು ಅದಕ್ಕಿಂತ ಮೇಲೆ ಬಂದರೆ ಬಲ, ಹತ್ತು ಮತ್ತು ಅದಕ್ಕಿಂತ ಕೆಳಗಾದರೆ ಎಡ ಎಂದು ತೀರ್ಮಾನವಾಯಿತು.

ಅವಳ ಗಂಡನಿಗೆ ಬೇರೆಯೇ ಅನುಮಾನ. "ಏಳ್ನೂರು ವರ್ಷ ಬದುಕ್ತಾರೆ, ಕಾಯಿಲೆ ಬರಲ್ಲ. ಅವರಿಗೆ ದೇವರು ಯಾಕೆ ಬೇಕು ಮೇಡಂ?"

"ಅವರಿಗಿಂತ ಬೇಗ ಸಾಯೋರನ್ನೆಲ್ಲ ನೋಡ್ತಾ ಕೂತಿರ್ಬೇಕಲ್ಲ ಅಣ್ಣ, ಅದಕ್ಕೆ," ಎಂದೆ. ಯೋಚಿಸಿ ಹೇಳಿದ ಮಾತಲ್ಲ. ಆದರೆ ಮೇಷ್ಟ್ರು ಅದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಆರೇಳು ತಿಂಗಳು ಹೀಗೇ ನಡೆಯಿತು. ಆಮೇಲೆ ಒಂದು ಭಾನುವಾರ ಕಥೆಯಲ್ಲಿ ನದಿ ಬಂತು. ನದಿಯಾಚೆಯ ಊರಿನಲ್ಲಿ ಜ್ವರ. ಅದಕ್ಕೆ ಬೇಕಾದ ಔಷಧ ನಮ್ಮ ಕೈಯಲ್ಲಿದೆ. ಸೇತುವೆ ಕೊಚ್ಚಿಹೋಗಿದೆ. ಈಚೆ ದಡದಲ್ಲಿ, ಉರುಳಿಸಿದರೆ ಆಚೆ ದಡ ಮುಟ್ಟುವಷ್ಟು ಎತ್ತರದ ಮರ ಒಂದೇ ಒಂದು. ಅದು ನನ್ನ ಎಲ್ಫ್‌ಗಳ ದೇವಿಯ ಮರ.

"ಕಡಿಯೋಣ," ಎಂದ ಕುಳ್ಳ. "ಕಲ್ಲನ್ನ ಪಕ್ಕಕ್ಕೆ ಎತ್ತಿಡೋಣ. ದೇವರಿಗೆ ಏನೂ ಆಗಲ್ಲ."

ಗೆಳತಿ ನನ್ನ ಕಡೆ ತಿರುಗಿದಳು. "ನೀನು ಪೂಜಾರಿಣಿ. ಏನ್ ಮಾಡ್ತೀಯ?"

ಅವಳು ಬೇಕೆಂದು ಮಾಡಿದ್ದಲ್ಲ. ನಮ್ಮ ಬೇವಿನ ಮರ ಏನಾಯಿತು ಎಂದು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ನಮ್ಮ ಹೊಲಗಳ ಮೇಲೆ ಲೇಔಟ್ ಬಂತು. ಅಗಲ ಮಾಡುವ ರಸ್ತೆಗೆ ಮರ ಅಡ್ಡವಾಗಿತ್ತು. ಪರೀಕ್ಷೆಯೆಂದು ಹಾಸ್ಟೆಲಿನಲ್ಲಿದ್ದ ನಾನು ಮನೆಗೆ ಬಂದಾಗ ಮರ ಇರಲಿಲ್ಲ. ಅಮ್ಮನಿಗೆ ರಸ್ತೆಯ ಆಚೆ ಬದಿಯಲ್ಲಿ ಟೈಲ್ಸ್ ಹಾಕಿದ, ಗ್ರಿಲ್ ಬಾಗಿಲಿನ ಪುಟ್ಟ ಗುಡಿ ಎದ್ದಿತ್ತು. ಅಪ್ಪ ಇಷ್ಟೇ ಹೇಳಿದ್ದು, "ಕೇಳ್ದೆ ಕಣಮ್ಮ. ಬಲಗಡೆ ಹೂ ಕೊಟ್ಳು." ನಾನು ನಂಬಲಿಲ್ಲ. ಬೇಕಾದಾಗ ಬೇಕಾದ ಕಡೆಗೇ ಬೀಳುವ ಹೂವೆಂದರೆ ನನಗೆ ಅನುಮಾನ. ಜಗಳವಾಡಲಿಲ್ಲ. ಆ ಗುಡಿಯೊಳಗೆ ಕಾಲಿಡಲಿಲ್ಲ, ಅಷ್ಟೆ. ಅಜ್ಜಿ ಮಾತ್ರ ಹೋಗುತ್ತಿದ್ದಳು, ಒಳಗಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತು ಬರುತ್ತಿದ್ದಳು. ಅವಳು ತೀರಿಕೊಂಡ ಮೇಲೂ ನಾನು ಆ ಕಡೆ ಹೋಗಲಿಲ್ಲ. ಮದುವೆಯಾಗಿ ಆರ್‌ಪಿಸಿ ಲೇಔಟಿಗೆ ಬಂದೆ. ಹಬ್ಬಕ್ಕೆ ತವರಿಗೆ ಹೋದರೆ ಅಪ್ಪನೂ ನಾನೂ ಎಲ್ಲ ವಿಷಯ ಮಾತಾಡುತ್ತೇವೆ, ಅದೊಂದನ್ನು ಬಿಟ್ಟು.

"ಹೂ ಕೇಳ್ತೀನಿ," ಎಂದೆ ಗೆಳತಿಗೆ. "ಆದ್ರೆ ಅವಳು ಒಪ್ಪಿದ್ರೆ ಕಲ್ಲು ಎತ್ತೋದು ಹೇಗೆ ಅಂತ ನಂಗೆ ಗೊತ್ತಿಲ್ಲ. ಅದಕ್ಕೊಂದು ಕ್ರಮ ಇರುತ್ತೆ."

"ಏನಾದ್ರೂ ಹೇಳಿ ಮೇಡಂ, ಆಟ ತಾನೇ," ಎಂದರು ಮೇಷ್ಟ್ರು.

ಆಗ ಅಪ್ಪನಿಗೆ ಫೋನ್ ಮಾಡಿದೆ. ಯಾಕೆ ಅಷ್ಟು ಬೇಗ ಮಾಡಿದೆನೋ ಗೊತ್ತಿಲ್ಲ. ಮನೆಯಲ್ಲಿದ್ದಿದ್ದರೆ ಮಾಡುತ್ತಿರಲಿಲ್ಲ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಟೇಬಲ್ ಮೇಲಿಟ್ಟೆ.

"ಅಪ್ಪ, ಊಟ ಆಯ್ತಾ?"

"ಆಯ್ತು ಕಣಮ್ಮ. ಏನ್ ಈ ಹೊತ್ನಲ್ಲಿ?"

ನನ್ನ ಆಟದ ವಿಷಯ ಅವನಿಗೆ ಅಲ್ಪಸ್ವಲ್ಪ ಗೊತ್ತಿತ್ತು. ಕಾಡು, ಮರ, ನದಿ, ಜ್ವರದ ಊರು, ಎಲ್ಲ ಹೇಳಿದೆ. ಅವನು ಅಡ್ಡ ಬಾಯಿ ಹಾಕದೆ ಕೇಳಿದ.

"ಅಮ್ಮನ್ನ ಎತ್ತಿಡುವಾಗ ಏನ್ ಮಾಡ್ದೆ ಅಪ್ಪ, ಅದು ಬೇಕು."

ಆ ಕಡೆ ಟಿವಿಯ ಸದ್ದು ಕೇಳಿಸುತ್ತಿತ್ತು. ಅವನು ಅದನ್ನು ಆರಿಸಿದ.

"ಹಿಂದಿನ ದಿನ ಎಡೆ ಇಡ್ಬೇಕು," ಎಂದ. "ಹೊಸ ಕಳಶದಲ್ಲಿ ನೀರು, ಬೇವಿನ ಸೊಪ್ಪು. ಕಲ್ಲಿನ ಮುಂದೆ ಇಟ್ಟು, ಅಮ್ಮಾ, ಇಷ್ಟು ದಿವಸ ಈ ನೀರಲ್ಲಿರು, ಜಾಗ ಮಾಡಿ ಕರ್ಕೊಂಡೋಗ್ತೀವಿ ಅಂತ ಹೇಳ್ಕೋಬೇಕು. ಅವಳು ಕಳಶಕ್ಕೆ ಬಂದ್ಮೇಲೆ ಕಲ್ಲು ಬರೀ ಕಲ್ಲು. ಆಗ ಎತ್ಬಹುದು. ಆದ್ರೂ ಹಾರೆ ಮುಟ್ಟಿಸ್ಬಾರ್ದು. ಸುತ್ತ ಮಣ್ಣು ಕೈಯಲ್ಲೇ ತೆಗೀಬೇಕು."

"ನೀನು ಕೈಯಲ್ಲೇ ತೆಗ್ದ್ಯಾ?"

"ಮತ್ತಿನ್ನೇನು. ನಾನೂ ನಿಮ್ಮ ಚಿಕ್ಕಪ್ಪನೂ. ನಾಲ್ಕು ಅಡಿ ಇತ್ತು ಒಳಗೆ. ಮೇಲೆ ಕಾಣ್ತಿದ್ದಿದ್ದು ತಲೆ ಮಾತ್ರ."

ಆ ಕಲ್ಲು ಅಷ್ಟು ಉದ್ದವಿತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ದಾಳ ಕೈಗೆತ್ತಿಕೊಂಡು, "ಸರಿ, ಈಗ ಹೂ ಕೇಳ್ತೀನಿ," ಎಂದೆ. ಫೋನ್ ಇಡುತ್ತಾನೆಂದುಕೊಂಡಿದ್ದೆ. ಅವನು ಇಡಲಿಲ್ಲ.

"ಎಡಗಡೆ ಬಿತ್ತು ಕಣಮ್ಮ," ಎಂದ.

ನನಗೆ ಮೊದಲು ಅರ್ಥವಾಗಲಿಲ್ಲ. "ಇನ್ನೂ ಹಾಕಿಲ್ಲ ಅಪ್ಪ."

"ನಿಂದಲ್ಲ. ಅವತ್ತು. ಮೊದಲನೇ ಸಲ ಎಡಗಡೆ ಬಿತ್ತು. ಹೂ ಸರಿಯಾಗಿ ಇಟ್ಟಿರ್ಲಿಲ್ಲ ಅಂತ ಇನ್ನೊಂದ್ಸಲ ಇಟ್ಟೆ. ಆಗ್ಲೂ ಎಡಗಡೆನೇ. ಮೂರನೇ ಸಲ ಬಲಗಡೆ ಬಿತ್ತು."

"ಮೂರು ಸಲ ಕೇಳ್ಬಹುದು ಅಂತ ಯಾರ್ ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಾನೇ ಕೇಳ್ದೆ. ಜೆಸಿಬಿ ತಂದು ರಸ್ತೆ ತುದೀಲಿ ನಿಲ್ಸಿದ್ರು. ನಾನು ಕೈಯಲ್ಲಿ ಎತ್ಲಿಲ್ಲ ಅಂದ್ರೆ ಅದು ಎತ್ತೋದು. ನಿಮ್ಮಜ್ಜಿ ಪಕ್ಕದಲ್ಲೇ ನಿಂತಿದ್ಳು. ಮೂರನ್ನೂ ನೋಡಿದ್ಳು. ಏನೂ ಅನ್ಲಿಲ್ಲ."

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಗೆಳತಿಯ ಗಂಡ ಎದ್ದು ಹೋಗಿ ಫ್ಯಾನ್ ಕಡಿಮೆ ಮಾಡಿ ಬಂದ. ನಾನು ದಾಳ ಹಾಕಿದೆ. ಆರು ಬಿತ್ತು.

"ಏನ್ ಬಂತು?" ಅಪ್ಪ ಕೇಳಿದ.

"ಎಡಗಡೆ."

ನಿಯಮದಲ್ಲಿ ಒಂದು ದಾರಿ ಇತ್ತು. ಪೂಜಾರಿಣಿಗೆ ದಿನಕ್ಕೊಂದು ಸಲ ದಾಳವನ್ನು ಮತ್ತೆ ಹಾಕುವ ಹಕ್ಕಿದೆ ಎಂದು ಮೇಷ್ಟ್ರು ಮೆಲ್ಲಗೆ ನೆನಪಿಸಿದರು. ಅಪ್ಪನಿಗೂ ಅದು ಕೇಳಿಸಿತು.

"ನಿಮ್ಮ ಆ ಜನ ಎಷ್ಟು ವರ್ಷ ಇರ್ತಾರೆ ಅಂದ್ರಿ?" ಎಂದ.

"ಏಳ್ನೂರು, ಎಂಟ್ನೂರು ವರ್ಷ ಸಾರ್," ಎಂದರು ಮೇಷ್ಟ್ರು.

"ಅಷ್ಟಿದ್ರೆ ಕಾಯ್ಬಹುದು ಬಿಡಿ," ಎಂದ ಅಪ್ಪ. ಮತ್ತೆ, "ಆದ್ರೆ ಜ್ವರ ಬಂದಿರೋರು ಕಾಯಲ್ವಲ್ಲ. ನೋಡ್ಕೋಮ್ಮ, ನಿಂಗೆ ಸರಿ ಕಂಡಿದ್ದು ಮಾಡು," ಎಂದು ಫೋನ್ ಇಟ್ಟ.

ನಾನು ಮತ್ತೆ ಹಾಕಲಿಲ್ಲ. ಮರ ಕಡಿಯುವಂತಿಲ್ಲ ಎಂದೆ. ಕುಳ್ಳನಿಗೆ ನಿಜವಾಗಿಯೂ ಸಿಟ್ಟು ಬಂತು. "ಊರಲ್ಲಿ ಮಕ್ಕಳು ಸಾಯ್ತಾ ಇದಾರೆ, ನಿಮಗೆ ಮರ ಹೆಚ್ಚಾಯ್ತಾ?" ಎಂದು ಪಾತ್ರದ ಗಡುಸು ದನಿಯಲ್ಲೇ ಕೇಳಿದ. ನದಿಯ ಗುಂಟ ಮೇಲಕ್ಕೆ ನಡೆದು, ಆಳ ಕಡಿಮೆ ಇರುವ ಕಡೆ ದಾಟಿದೆವು. ಕಥೆಯಲ್ಲಿ ಅದಕ್ಕೆ ನಾಲ್ಕು ದಿನ ಹಿಡಿಯಿತು, ನಮಗೆ ಎರಡು ಭಾನುವಾರ. ಊರು ತಲುಪಿದಾಗ ಗೆಳತಿ ತನ್ನ ಹಾಳೆ ನೋಡಿ, "ಐದು ಜನ ಹೋಗಿದಾರೆ. ಒಂದು ಮಗುನೂ ಸೇರಿ," ಎಂದಳು. ಹಲ್ಲಿನ ಎಕ್ಸ್‌ರೇ ಓದಿ ಹೇಳುವಾಗಿನ ದನಿ. ಇಲ್ಲದ ಊರಿನ ಇಲ್ಲದ ಮಗು. ಆದರೂ ಆ ಸಂಜೆ ಬಸ್ಸಿಗೆ ಕಾಯದೆ ಮನೆಯವರೆಗೂ ನಡೆದುಕೊಂಡೇ ಹೋದೆ.

ಮಾರನೆಯ ದಿನ ಅಪ್ಪನೇ ಫೋನ್ ಮಾಡಿದ.

"ದಾಟಿದ್ರಾ?"

"ದಾಟಿದ್ವಿ. ತಡ ಆಯ್ತು. ಐದು ಜನ ಹೋದ್ರು."

"ಹೂಂ," ಎಂದ. "ಮರ?"

"ಇದೆ."

ಅವನು ಅದು ಸರಿಯೆಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೂರು ಸಲ ಕೇಳಿದವನ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಕೋಪ, ನಾನು ಒಂದೇ ಸಲ ಕೇಳಿ ಸುಮ್ಮನಾದ ಮೇಲೆ ಹಗುರವಾಗಿತ್ತು. ಅವನು ಮಾಡಿದ್ದು ಸರಿಯೆಂದು ನನಗೆ ಈಗಲೂ ಅನ್ನಿಸಿಲ್ಲ. ಅವನಿಗೂ ಪೂರ್ತಿ ಹಾಗನ್ನಿಸಿಲ್ಲವೆಂದು ಅವನು ಫೋನಿನಲ್ಲಿ ಮಾತಾಡಿದ ಭಾನುವಾರ ತಿಳಿಯಿತು. ನನಗೆ ಬೇಕಾಗಿದ್ದದ್ದು ಬಹುಶಃ ಅಷ್ಟೇ.

ಆ ಶುಕ್ರವಾರ ಅರ್ಧ ದಿನ ರಜಾ ಹಾಕಿ ಉಲ್ಲಾಳಕ್ಕೆ ಹೋದೆ. ಅಪ್ಪ ಗುಡಿಯ ಬೀಗದ ಕೈ ಹಿಡಿದುಕೊಂಡು ಬಸ್‌ಸ್ಟಾಪಿಗೇ ಬಂದಿದ್ದ. ಒಳಗೆ ಇಬ್ಬರು ಒಟ್ಟಿಗೆ ನಿಲ್ಲುವಷ್ಟು ಮಾತ್ರ ಜಾಗ. ಅಮ್ಮನಿಗೆ ಬೆಳ್ಳಿಯ ಮುಖವಾಡ ಹಾಕಿದ್ದರು, ಸೀರೆ ಉಡಿಸಿದ್ದರು. ನನಗೆ ಗುರುತು ಹತ್ತಲಿಲ್ಲ. ನಾನು ಕೇಳದೆಯೇ ಅಪ್ಪ ಮುಖವಾಡವನ್ನು ಬಿಚ್ಚಿ ಪಕ್ಕಕ್ಕಿಟ್ಟು ತಂಬಿಗೆಯನ್ನು ನನ್ನ ಕೈಗೆ ಕೊಟ್ಟ. ನೀರು ಹೊಯ್ದೆ. ಅರಿಶಿನ ಕರಗಿ ಕಲ್ಲು ಕಪ್ಪಗೆ ಹೊಳೆಯಿತು.

"ಇದು ಮೊದಲಿಂದಾನೂ ಆ ಮರದ ಕೆಳಗಿದ್ದದ್ದಲ್ಲ ಕಣಮ್ಮ," ಎಂದ ಅಪ್ಪ, ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ. "ಕೆರೆ ಏರಿ ಮೇಲಿತ್ತಂತೆ. ಏರಿ ಒಡೆದಾಗ ನಮ್ಮ ತಾತನ ತಾತ ಹೊತ್ಕೊಂಡು ಬಂದು ಅಲ್ಲಿ ನೆಟ್ರಂತೆ. ಮರ ಆಮೇಲೆ ಹುಟ್ಟಿದ್ದು."

"ಅವರು ಹೂ ಕೇಳಿದ್ರಂತಾ?"

"ಅದ್ಯಾರಿಗೆ ಗೊತ್ತು," ಎಂದ. ರಸ್ತೆ ದಾಟಲು ನಿಂತೆವು. ಕಾಲೇಜು ಬಿಟ್ಟ ಹೊತ್ತು, ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅವನು ಕೈ ಅಡ್ಡ ಹಿಡಿದು ಒಂದು ಆಟೋ ನಿಲ್ಲಿಸಿ, "ಬಾ, ಈಗ ಬಾ," ಎಂದು ನನ್ನನ್ನು ದಾಟಿಸಿದ. ಮನೆಯಲ್ಲಿ ಕಾಫಿ ಕುಡಿಯುತ್ತಾ, ನಿಮ್ಮ ಆ ಕುಳ್ಳನ ಜಾತಿಯವರು ಯಾವ ದೇವರನ್ನು ಪೂಜಿಸುತ್ತಾರೆ ಎಂದು ಕೇಳಿದ. ಇನ್ನೂ ಯಾರೂ ಯೋಚಿಸಿಲ್ಲ ಎಂದೆ.